ಬಿಸಿಲಿಗೆ ನಿಂತ ಗಾಲಿ

ಆಗುವುದಿಲ್ಲ ಅಂದವರು ನಮ್ಮ ದೊಡ್ಡಪ್ಪ. ಒಂದು ಸಲ ಅಲ್ಲ, ಎರಡು ಸಲ ಅಂದರು. ನಾನು ಗುಲಬರ್ಗಾಕ್ಕೆ ಹೋಗಿ ಇಂಜಿನಿಯರಿಂಗ್ ಓದುತ್ತೇನೆ ಅಂದಾಗ, "ಬಾಚಿ ಹಿಡಿಯೋ ಮನಿತನದಾಗ ಡಿಗ್ರಿ? ಕತ್ತಿಗಿ ಕೋಡು ಮೂಡಿದ ದಿನ ಬರ್ತದ ತಗೋ" ಅಂದಿದ್ದರು. ಡಿಗ್ರಿ ಬಂತು. ಮುಂದೆ ಎಪ್ಪತ್ತರ ದಶಕದಲ್ಲಿ, ಓಟದ ಶರ್ಯತ್ತಿನಲ್ಲಿ ಓಡುವ ಎತ್ತಿನ ಗಾಡಿಗಳ ಗಾಲಿಗೆ ಸರ್ಟಿಫಿಕೇಟ್ ಬೇಕು ಅನ್ನುವ ಮಾತು ಹುಟ್ಟಿದಾಗಲೂ ಅದೇ ಕತ್ತೆ, ಅದೇ ಕೋಡು. "ಗಾಲಿಗಿ ಸರ್ಟಿಫಿಕೇಟ? ಗಾಲಿ ಏನು ಸಾಲಿ ಕಲಿತದೇನೋ?" ಅಂತ ಎಲ್ಲರ ಮುಂದೆ ನಕ್ಕರು.

ಹುಮನಾಬಾದಿನಲ್ಲಿ ಅವರದು ಗಾಡಿ ಗಾಲಿ ಮಾಡುವ ಕೆಲಸ. ನಮ್ಮಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅಲ್ಲೇ, ಜಾಲಿ ಕಟ್ಟಿಗೆಯ ಹೊಟ್ಟಿನ ನಡುವೆ. ಓದು ಬೇಡ ಅಂದವರೇ ನಾನು ಹೊರಟ ಮೇಲೆ ವಾರ ತಪ್ಪದೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ರೊಟ್ಟಿ ಗಂಟು ಕಳಿಸಿದರು. ನೌಕರಿ ಸಿಕ್ಕಿ ನಾನು ಹತ್ತಿರದ ಕಲ್ಯಾಣಕ್ಕೆ ಬಂದ ಮೇಲೂ ಗಂಟು ಬರುವುದು ನಿಲ್ಲಲಿಲ್ಲ.

ಆದರೆ ಬೇರೆ ಏನೋ ನಿಂತುಹೋಗಿತ್ತು. ಊರಿಗೆ ಹೋದರೆ ದೊಡ್ಡವ್ವ ಪಕ್ಕದ ಮನೆಯಿಂದ ಕುರ್ಚಿ ತರಿಸಿ ಹಾಕುತ್ತಿದ್ದಳು. ಉಳಿದವರೆಲ್ಲ ನೆಲದ ಮೇಲೆ ಕೂತು ನಗುತ್ತಾ ಉಣ್ಣುವಾಗ ನಾನೊಬ್ಬ ಎತ್ತರದಲ್ಲಿ, ತಾಟು ತೊಡೆಯ ಮೇಲೆ ಇಟ್ಟುಕೊಂಡು ಕೂಡಬೇಕು. ನಾನು ಒಳಗೆ ಕಾಲಿಟ್ಟರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಕಲ್ಯಾಣದ ಕಚೇರಿಯಲ್ಲಿ ರಸ್ತೆ ರೋಲರು, ಜೀಪು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿಯವರು ನನ್ನ ಬೆನ್ನ ಹಿಂದೆ "ಬಡಿಗ್ಯಾ ಇಂಜಿನಿಯರ್" ಅನ್ನುತ್ತಿದ್ದರು. ಸಂಜೆ ಕೋಟೆಯ ಕಡೆ ಇದ್ದ ಬಾಡಿಗೆ ಕೋಣೆಗೆ ಬಂದು ಸ್ಟೋವ್ ಹೊತ್ತಿಸಿದರೆ ಅದರ ಭರ್ರೆನ್ನುವ ಸದ್ದೇ ಜೊತೆ. ಡಿಗ್ರಿ ಪಡೆದದ್ದಕ್ಕೆ ನಾನು ಒಂದು ದಿನವೂ ನಾಚಿಲ್ಲ. ಒಬ್ಬನೇ ಆದೆ, ಅಷ್ಟೇ.

ಶರ್ಯತ್ತು ನಡೆಯುತ್ತಿದ್ದದ್ದು ಬಸವ ಜಯಂತಿ ಮುಗಿದ ಮೇಲೆ, ಹುಮನಾಬಾದಿನ ಆಚೆಯ ಒಂದು ಹಳ್ಳಿಯ ಹೊಲದಲ್ಲಿ. ಎರಡೆರಡೇ ಖಾಲಿ ಗಾಡಿ, ನೆಟ್ಟಗೆ ಒಂದೇ ಓಟ, ಬೇವಿನ ಮರದಿಂದ ನಿಶಾನೆಯ ತನಕ. ಎವೆ ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತಿತ್ತು. ಗಾಡಿ ಹಗುರಾಗಲಿ ಅಂತ ಗಾಲಿಯ ಅರಗಳನ್ನು, ನಡುವಿನಿಂದ ಅಂಚಿಗೆ ಚಾಚಿದ ಆ ಕಡ್ಡಿಗಳನ್ನು, ಕೆತ್ತಿ ಕೆತ್ತಿ ತೆಳ್ಳಗೆ ಮಾಡುತ್ತಿದ್ದರು. ಒಂದು ವರ್ಷ ಓಟದ ನಡುವೆ ಒಂದು ಗಾಲಿಯ ಸುತ್ತಿನ ಕಬ್ಬಿಣದ ಹಳಿ ಕಳಚಿ, ಅರಗಳು ಸಿಡಿದು, ಗಾಡಿ ಹೊಡೆಯುವವನ ಕಾಲು ಮುರಿಯಿತು. ಮರುವರ್ಷ ಆ ಊರ ಪಂಚರು ನನ್ನ ಕಚೇರಿಗೆ ಬಂದರು.

"ಸಾಹೇಬ್ರ, ನೀವು ಗಾಲಿ ಮನಿತನದವ್ರು, ಮ್ಯಾಲೆ ಇಂಜಿನಿಯರ್. ನೀವು ಬರದು ಕೊಟ್ರಷ್ಟೇ ಗಾಡಿ ಗೆರಿ ಮ್ಯಾಲೆ ನಿಂದ್ರತದ."

ನಾನು ಒಪ್ಪಿ ಷರತ್ತು ಹಾಕಿದೆ. ಹಳಿ ಬಿಗಿಯಾಗಿರಬೇಕು, ನಡುವಿನ ಗುಂಬದಲ್ಲಿ ಸೀಳು ಇರಬಾರದು, ಯಾವ ಅರವೂ ಕೈಗೆ ಅಲ್ಲಾಡಬಾರದು, ಕೀಲು ಹೊಸದಿರಬೇಕು. ಪಾಸಾದ ಗಾಲಿಗೆ ನನ್ನ ಸಹಿ, ಪಂಚರ ಶಿಕ್ಕೆ ಮುದ್ರೆ ಇರುವ ಒಂದು ಕಾಗದ.

ಪರೀಕ್ಷೆಯ ದಿನ ಬೆಳಿಗ್ಗೆ ಬೇವಿನ ಕೆಳಗೆ ಗಾಡಿಗಳ ಸಾಲು. ದೊಡ್ಡಪ್ಪ ತಾವು ಕಟ್ಟಿದ ಗಾಲಿಯ ಗಾಡಿ ತಂದಿದ್ದರು. ಹೊಡೆಯುವವನು ಅವರ ಮಗ, ನನಗೆ ಅಣ್ಣ. ವರ್ಷವಿಡೀ ಎತ್ತುಗಳಿಗೆ ಹಿಂಡಿ ಹಾಕಿ ಸಿದ್ಧ ಮಾಡಿದ್ದ.

"ಬಡದು ನೋಡ್ರಿ ಸಾಹೇಬ್ರ, ಖಣ್ ಅಂತದ," ಅಂದರು ದೊಡ್ಡಪ್ಪ. ಸುತ್ತಲಿನವರು ನಕ್ಕರು.

ಬಡಿದೆ. ಖಣ್ ಅಂದಿತು. ಅರ ಯಾವುದೂ ಅಲುಗಲಿಲ್ಲ. ಆದರೆ ಮುಟ್ಟಿದರೆ ಕಟ್ಟಿಗೆ ಹಸಿಯಾಗಿ ತಣ್ಣಗಿತ್ತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿದರೆ ಹಳಿ ಸಡಿಲಾಗುತ್ತದೆ. ಆಗ ಗಾಲಿಯನ್ನು ನೀರಲ್ಲಿ ಮುಳುಗಿಸಿಟ್ಟರೆ ಕಟ್ಟಿಗೆ ಉಬ್ಬಿ ಹಳಿಯನ್ನು ಕಚ್ಚುತ್ತದೆ; ನೀರು ಆರಿದರೆ ಮತ್ತೆ ಸಡಿಲ. ನಮ್ಮ ಕಡೆ ಇದು ಎಲ್ಲರೂ ಮಾಡುವ ಕೆಲಸ.

"ಬಾವ್ಯಾಗ ಇಟ್ಟಿದ್ರೇನು ದೊಡ್ಡಪ್ಪ?"

"ಇಟ್ಟಿದ್ದೆ. ಯಾರು ಇಡಂಗಿಲ್ಲ? ನಿಮ್ಮಪ್ಪನೂ ಇಡತಿದ್ದ."

"ಸಂತಿಗಿ ಹೋಗೋ ಗಾಡಿಗಿ ನಡೀತದ್ರಿ. ಓಟ ಇರೋದು ಇಳಿಹೊತ್ತಿಗಿ. ಅಲ್ಲಿ ಮಟ ಬಿಸಿಲಾಗ ನಿಂದ್ರಲಿ, ಆಮ್ಯಾಲೆ ನೋಡ್ತೀನಿ."

"ನಾ ಕಟ್ಟಿದ ಗಾಲಿಗಿ ನೀ ಬಿಸಲ ಕಾಸ್ತಿ? ಹಪ್ಪಳ ತಿಳ್ಕೊಂಡಿಯೇನು?"

ಮತ್ತೆ ನಗೆ. ಆದರೂ ಗಾಲಿ ಬಿಚ್ಚಿ ಬಿಸಿಲಿಗೆ ನಿಲ್ಲಿಸಿದರು. ಉಳಿದವರ ಗಾಲಿಗಳನ್ನೂ ನಿಲ್ಲಿಸಿದೆ. ಹೊತ್ತು ನೆತ್ತಿಯಿಂದ ಇಳಿಯುವುದರೊಳಗೆ ದೊಡ್ಡಪ್ಪನ ಗಾಲಿಯ ಕಟ್ಟಿಗೆ ಬೆಳ್ಳಗಾಯಿತು. ಬಡಿದೆ. ಒಡೆದ ಗಡಿಗೆಯ ಸದ್ದು. ಹಳಿಯ ಸಂದಿಯಲ್ಲಿ ಉಗುರು ಸಲೀಸಾಗಿ ಹೋಯಿತು.

ಅಣ್ಣ ಎತ್ತಿನ ಮೈ ಸವರುತ್ತ ನನ್ನನ್ನೇ ನೋಡುತ್ತಿದ್ದ. ಅವತ್ತು ಕಾಗದ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಗಾಲಿಯ ಗಾಡಿಯಲ್ಲಿ ಅವನು ಕೂಡುವವನಿದ್ದ.

"ಆಗಂಗಿಲ್ರಿ," ಅಂದೆ.

ದೊಡ್ಡಪ್ಪ ನನ್ನ ಕಡೆ ನೋಡದೆ ಗಾಲಿ ಏರಿಸಿ, ಗಾಡಿ ತಿರುಗಿಸಿಕೊಂಡು ಹೋದರು. ಓಟ ಮುಗಿಯುವ ತನಕ ಯಾರೂ ನನ್ನ ಹತ್ತಿರ ಕೂಡಲಿಲ್ಲ. ಚಹಾದ ಕಿಟ್ಲಿ ನನ್ನನ್ನು ಬಿಟ್ಟು ಸುತ್ತಿತು.

ರೊಟ್ಟಿ ಗಂಟು ನಿಂತದ್ದು ಆಗ. ಒಂದೆರಡು ತಿಂಗಳು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಹುಮನಾಬಾದಿನ ಬಸ್ಸು ಬಂದಾಗ ಕಂಡಕ್ಟರ್ ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ನಾನು ಹೋಗುವುದನ್ನೇ ಬಿಟ್ಟೆ. ಪಂಚಮಿಗೆ ಊರಿಗೆ ಹೋದರೆ ದೊಡ್ಡವ್ವ ಕುರ್ಚಿ ಹಾಕಿ ಬಡಿಸಿದಳು. ದೊಡ್ಡಪ್ಪ ಉಣ್ಣುವುದನ್ನು ಬಿಟ್ಟು ಎದ್ದು ಹೊರಗೆ ಹೋದರು. ಹಿತ್ತಲಿನಿಂದ ಬಾಚಿಯ ಸದ್ದು, ನಾನು ಹೊರಡುವ ತನಕ. ಅಣ್ಣ ಮಾತ್ರ ಊರ ಅಗಸಿ ಬಾಗಿಲ ತನಕ ಬಂದ.

ಮುಂದಿನ ವರ್ಷದ ಬಸವ ಜಯಂತಿ ಮುಗಿಯಿತು. ಪರೀಕ್ಷೆಗೆ ಮುಂಚಿನ ದಿನ ನಾನು ಜಾಗ ನೋಡಲು ಹೊಲಕ್ಕೆ ಹೋಗುವುದರೊಳಗೆ ಬೇವಿನ ನೆರಳಿನ ಆಚೆ, ಸುಡು ಬಿಸಿಲಲ್ಲಿ, ಎರಡು ಹೊಸ ಗಾಲಿ ನಿಂತಿದ್ದವು. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ದೊಡ್ಡಪ್ಪ. ನಿಲ್ಲಿಸಿರಿ ಅಂತ ಯಾರೂ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಬಡಿದು ನೋಡಿದೆ. ಗಂಟೆಯ ಸದ್ದು. ಉಗುರು ಹಾಕಿದೆ, ಹೋಗಲಿಲ್ಲ. ಅರಗಳನ್ನು ಒಂದೊಂದಾಗಿ ಹಿಡಿದು ಜಗ್ಗಿದೆ. ಅವರಿಗೆಂದು ಸಡಿಲ ಬಿಡಲಿಲ್ಲ, ಬೇಕೆಂದು ಬಿಗಿಯನ್ನೂ ಮಾಡಲಿಲ್ಲ. ಕಾಗದ ಬರೆದು ಸಹಿ ಹಾಕಿ, ಪಂಚರಿಂದ ಶಿಕ್ಕೆ ಒತ್ತಿಸಿ, ಎರಡೂ ಕೈಯಿಂದ ದೊಡ್ಡಪ್ಪನಿಗೆ ಕೊಟ್ಟೆ.

ಅವರಿಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು, ಮಡಚಿ ಟೋಪಿಯೊಳಗೆ ಇಟ್ಟುಕೊಂಡರು. ಆಮೇಲೆ ಗಾಲಿಯ ಕಡೆ ನೋಡುತ್ತಲೇ ಅಂದರು:

"ಓಟ ಮುಗೀಲಿ, ನಡಿ ಮನಿಗಿ. ನಿಮ್ಮ ದೊಡ್ಡವ್ವಗ ಹೇಳೀನಿ, ಕುರ್ಚಿ ಗಿರ್ಚಿ ತರಸಬ್ಯಾಡ ಅಂತ. ನೆಲದ ಮ್ಯಾಲೆ ಕೂಡು."