ಏಳನೆಯದರ ಜಾಗ

ಮುರಕೋಶಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮತ್ಸುಮೊತೊದ ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿದ್ದ ವರ್ಣತಂತು ಕೋಣೆಯಲ್ಲಿ ಇಪ್ಪತ್ತು ವರ್ಷ ಕತ್ತರಿ ಹಿಡಿದು ಕೂತವರು. ಕೆಲಸ ಕಲಿತವರೆಲ್ಲ ಅವರ ಕೈಕೆಳಗೇ ಕಲಿತದ್ದರಿಂದ ಆ ಹೆಸರು ಬಂತು. ಡಾಕ್ಟರುಗಳು ರಕ್ತದ ಕ್ಯಾನ್ಸರ್ ಬಂದವರ ಮೂಳೆಯೊಳಗಿನ ಮಜ್ಜೆ ಕಳಿಸುತ್ತಿದ್ದರು. ನಾವು ಅದನ್ನು ಬೆಳೆಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದು, ಫೋಟೊದಲ್ಲಿದ್ದ ಒಂದೊಂದೇ ವರ್ಣತಂತುವನ್ನು ಕತ್ತರಿಸಿ ಜೋಡಿ ಜೋಡಿಯಾಗಿ ಹಾಳೆಗೆ ಅಂಟಿಸುತ್ತಿದ್ದೆವು. ಇಪ್ಪತ್ತಮೂರು ಜೋಡಿ, ನಲವತ್ತಾರು ಚೂರು. ಉದ್ದದ ಪ್ರಕಾರ ಜೋಡಿಗಳಿಗೆ ಒಂದನೆಯದು, ಎರಡನೆಯದು ಅಂತ ಸಂಖ್ಯೆ. ಈಗ ಇದನ್ನೆಲ್ಲ ಯಂತ್ರ ಮಾಡುತ್ತದೆ. ಹೊಸಬರು ನಮ್ಮ ಕಾಲದವರ ತಾಳ್ಮೆಯನ್ನು ಹೊಗಳುತ್ತಾರೆ. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ, ಬೇರೆ ದಾರಿ ಇರಲಿಲ್ಲ.

ನಾನು ಸೇರಿದ ಮೊದಲ ದಿನವೇ ಮೇಷ್ಟ್ರು ನನ್ನ ತೋಳು ನೋಡಿ, ನರ ಚೆನ್ನಾಗಿದೆ ಅಂತ ರಕ್ತ ತೆಗೆದರು. ರೋಗಿಯದನ್ನು ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಿತ್ತು. ಹೊಸದಾಗಿ ಬಂದವರೇ ಅದಕ್ಕೆ ಗತಿ. ನನ್ನ ನಂತರ ಯಾರೂ ಬರಲಿಲ್ಲ. ಹಾಗಾಗಿ ಏಳು ವರ್ಷ ಆ ಕೋಣೆಯಲ್ಲಿ ಸರಿಯಾದ ವರ್ಣತಂತು ಅಂದರೆ ನನ್ನದು.

ಅವರ ಪಾಠ ಒಂದೇ. ನಾನೊಮ್ಮೆ ಅವಸರದಲ್ಲಿ, ಚೂರು ಇಲ್ಲದ ಕಡೆ ಅಕ್ಕಪಕ್ಕದ್ದನ್ನು ಒತ್ತರಿಸಿ ಅಂಟಿಸಿದ್ದೆ.

"ಖಾಲಿ ಜಾಗಾನ ಮುಚ್ಬೇಡ, ಸೆಗಾವಾ," ಅಂದರು. "ಡಾಕ್ಟ್ರು ನೋಡ್ಬೇಕಾಗಿರೋದೇ ಅದು."

ಅವರ ಹತ್ತಿರ ಒಂದು ನೋಟುಬುಕ್ಕಿತ್ತು. ಎಡಗಡೆ, ಹಾಳೆಯಲ್ಲಿ ಕಂಡದ್ದು. ಬಲಗಡೆ, ಆ ಮನುಷ್ಯ ಎಷ್ಟು ದಿನ ಬದುಕಿದ ಅನ್ನುವುದು. ಯಾರೂ ಬರೆಯಿರಿ ಅಂದಿರಲಿಲ್ಲ, ಅವರೇ ವಾರ್ಡಿಗೆ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು. ಎಂಟನೆಯದೂ ಇಪ್ಪತ್ತೊಂದನೆಯದೂ ತುಂಡು ಅದಲುಬದಲು ಮಾಡಿಕೊಂಡಿದ್ದವರಿಗೆ ಔಷಧ ಹಿಡಿಯುತ್ತಿತ್ತು. ಅಂಥ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಇನ್ನೂ ಹೊಸವರ್ಷದ ಕಾರ್ಡು ಹಾಕುತ್ತಿದ್ದರು. ಅಂಥ ಹಾಳೆ ಬಂದ ದಿನ ಮೇಷ್ಟ್ರು ಹೂರಣದ ಬನ್ನು ತರಿಸುತ್ತಿದ್ದರು. ಏಳನೆಯದರಲ್ಲಿ ಒಂದು ಕಾಣೆಯಾಗಿದ್ದವರು ಒಂಬತ್ತು ಜನ. ಅವರಲ್ಲಿ ಒಬ್ಬರೂ ಎರಡನೇ ಸಲ ಚೆರ್ರಿ ಹೂ ನೋಡಲಿಲ್ಲ.

ಎಂಬತ್ತನಾಲ್ಕರ ಅಕ್ಟೋಬರಿನಲ್ಲಿ ಮೇಷ್ಟ್ರ ವಸಡಿನಿಂದ ರಕ್ತ ಬರತೊಡಗಿತು. ವಾರದೊಳಗೆ ಅವರ ಮಜ್ಜೆ ನನ್ನ ಮೇಜಿಗೆ ಬಂತು, ಹೆಸರು ಬರೆದ ಚೀಟಿಯ ಸಮೇತ. ಇಪ್ಪತ್ತು ಜೀವಕೋಶ ಎಣಿಸಿದೆ. ಎಲ್ಲದರಲ್ಲೂ ನಲವತ್ತೈದು. ಏಳನೆಯದು ಒಂದೇ ಒಂದು. ನನಗೆ ಏನೂ ಅನ್ನಿಸಲಿಲ್ಲ. ಕತ್ತರಿ ಒರೆಸಿಟ್ಟೆ, ಬುತ್ತಿ ಬಿಚ್ಚಿ ಉಪ್ಪಿನಕಾಯಿ ಹಾಕಿದ ಸೊಪ್ಪಿನ ಜೊತೆ ಅನ್ನವನ್ನು ಒಂದಗುಳೂ ಬಿಡದೆ ತಿಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಡಾಕ್ಟರ್ ಇವಾಬುಚಿ, ಮೇಷ್ಟ್ರ ಹೆಂಡತಿ ಹಿಸಾನೋ ಅವರನ್ನು ಕರೆದುಕೊಂಡು ನನ್ನ ಕೋಣೆಗೇ ಬಂದರು. ಆಗೆಲ್ಲ ಕೆಟ್ಟ ಸುದ್ದಿ ಮೊದಲು ಮನೆಯವರಿಗೆ. ರೋಗಿಗೆ ರಕ್ತ ಕಮ್ಮಿ ಅಂತಲೋ ಇನ್ನೇನೋ ಹೇಳಿ ಸಾಗಹಾಕುತ್ತಿದ್ದರು. ಮೇಷ್ಟ್ರ ಹತ್ತಿರ ಆ ಆಟ ನಡೆಯುವಂತಿರಲಿಲ್ಲ. ತನ್ನ ಹಾಳೆ ನೋಡದೆ ಔಷಧಿ ಮುಟ್ಟುವುದಿಲ್ಲ ಅಂದುಬಿಟ್ಟಿದ್ದರು. ನೋಡಿದರಂತೂ ಮುಟ್ಟುವುದೇ ಇಲ್ಲ, ಮನೆಗೆ ಹೊರಟುಬಿಡುತ್ತಾರೆ, ಅದು ಮೂವರಿಗೂ ಗೊತ್ತಿತ್ತು. ಹಿಸಾನೋ ಅವರು ಹಣೆ ಮೇಜಿಗೆ ತಾಗುವಷ್ಟು ಬಾಗಿದರು.

"ಒಂದೇ ಒಂದು ಕಮ್ಮಿ ಇರೋದು ಅಂತಾರಲ್ಲಮ್ಮ. ಎಲ್ಲಿಂದಾದ್ರೂ ತಂದು ಅಂಟಿಸ್ಬಿಡು."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಿಟಕಿ ನೋಡುತ್ತ ನಿಂತಿದ್ದ ಡಾಕ್ಟರ ಮೇಲೆ ಬಂತು.

ಅಂಟಿಸಿದೆ. ನನ್ನ ರಕ್ತದ ಹಳೆಯ ಫೋಟೊಗಳಲ್ಲಿ ಅಷ್ಟೇ ಉದ್ದದ, ಅಷ್ಟೇ ದಪ್ಪದ ಏಳನೆಯದನ್ನು ಹುಡುಕಲು ಸಂಜೆಯಾಯಿತು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಮೇಷ್ಟ್ರು ಭೂತಗನ್ನಡಿ ಹಿಡಿದು ಹಾಳೆಯನ್ನು ಮೊದಲ ಸಾಲಿನಿಂದ ನೋಡುತ್ತ ಬಂದರು. ಎರಡನೇ ಸಾಲಿನಲ್ಲಿ, ಏಳನೆಯದರ ಮೇಲೆ, ಕನ್ನಡಿ ನಿಂತಿತು. ನಾನು ಅವರ ಚಪ್ಪಲಿ ನೋಡುತ್ತಿದ್ದೆ. ಕನ್ನಡಿ ಮತ್ತೆ ಮುಂದಕ್ಕೆ ಹೋಯಿತು.

"ಅಂಟು ತೆಳ್ಳಗೆ ಹಚ್ಚಿದೀಯ. ಕೈ ಕೂತಿದೆ ನಿಂದು," ಅಂದರು ನನಗೆ. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನಲವತ್ತಾರೂ ಇವೆ ಕಣೇ. ನಾಳೆಯಿಂದ್ಲೇ ಶುರು ಮಾಡ್ಲಿ."

ಹಿಸಾನೋ ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೇಷ್ಟ್ರು ಹಾಳೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇನೆ ಅಂದರು.

ಕೂದಲು ಹೋಯಿತು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಂತಾಯಿತು. ಔಷಧ ಹಿಡಿಯಲಿಲ್ಲ, ಇನ್ನೊಂದು ಬಗೆಯದನ್ನು ಕೊಟ್ಟರು, ಅದೂ ಹಿಡಿಯಲಿಲ್ಲ. ನಾನು ವಾರಕ್ಕೊಮ್ಮೆ ಹೋಗಿ ಹತ್ತು ನಿಮಿಷ ಕೂತು ಬರುತ್ತಿದ್ದೆ. ಕಾಗದದ ಒಂದು ಚೂರು ಅಂಟಿಸಿ ಇವರನ್ನು ಈ ಮಂಚಕ್ಕೆ ಕಟ್ಟಿಹಾಕಿದೆನಲ್ಲ ಅಂದುಕೊಳ್ಳುತ್ತಿದ್ದೆ. ಅಂದುಕೊಂಡರೂ ಒಳಗೆ ಏನೂ ಕದಲುತ್ತಿರಲಿಲ್ಲ. ಹಿಸಾನೋ ಅವರು ಮಾತ್ರ ಮೇಷ್ಟ್ರ ತಲೆಗೊಂದು ಉಣ್ಣೆ ಟೋಪಿ ಹೆಣೆಯುತ್ತ, ಮುಂದಿನ ವರ್ಷ ಬಿಸಿನೀರಿನ ಬುಗ್ಗೆಗೆ ಹೋಗುವ ಮಾತಾಡುತ್ತಿದ್ದರು. ಮೇಷ್ಟ್ರು ಯಾವ ಛತ್ರ, ಯಾವ ತಿಂಗಳು ಅಂತ ಕೇಳಿ ಕೇಳಿ ಆ ಮಾತು ಬೆಳೆಸುತ್ತಿದ್ದರು.

ಮಾರ್ಚಿನಲ್ಲಿ, ಚೆರ್ರಿ ಮೊಗ್ಗು ಇನ್ನೂ ಗಟ್ಟಿಯಾಗಿರುವಾಗಲೇ ಹೋದರು. ನೋಟುಬುಕ್ಕಿನ ಬಲಗಡೆ ನಾನೇ ಬರೆದೆ: ನೂರ ನಲವತ್ತೊಂದು ದಿನ.

ನಲವತ್ತೊಂಬತ್ತನೇ ದಿನದ ಕಾರ್ಯಕ್ಕೆ ಅವರ ಮನೆಗೆ ಹೋಗಿ ಊದುಬತ್ತಿ ಹಚ್ಚಿದೆ. ಉಳಿದವರು ಹೊರಟ ಮೇಲೆ ಹಿಸಾನೋ ಅವರು ಚಹಾ ಕೊಟ್ಟು ಕೂತರು. ಮೇಷ್ಟ್ರು ಹೇಳಿದ್ದಂತೆ ಆ ಹಾಳೆಯನ್ನು ಮಡಿಸಿದ್ದು ಮಡಿಸಿದ ಹಾಗೇ ಶವಪೆಟ್ಟಿಗೆಯಲ್ಲಿಟ್ಟು ಕಳಿಸಿದರಂತೆ. ಆಮೇಲೆ ಬಾಯಿ ಅಂಟಿಸಿದ ಒಂದು ಪುಟ್ಟ ಲಕೋಟೆ ತಂದರು. ಸೆಗಾವಾಳ ವಸ್ತು ತಪ್ಪಿ ನನ್ನ ಹತ್ತಿರ ಬಂದುಬಿಟ್ಟಿದೆ, ನಾನು ಹೋದ ಮೇಲೆ ವಾಪಸು ಕೊಡು ಅಂತ ಮೇಷ್ಟ್ರು ಹೇಳಿದ್ದರಂತೆ, ಜನವರಿಯಲ್ಲೇ.

ಲಕೋಟೆಯೊಳಗೆ ಉಗುರಿಗಿಂತ ಚಿಕ್ಕದೊಂದು ಫೋಟೊ ಚೂರಿತ್ತು. ಹರಿದದ್ದಲ್ಲ, ನೀರು ಸೋಕಿಸಿ, ಚಿಮಟದಲ್ಲಿ ನಿಧಾನವಾಗಿ ಬಿಡಿಸಿದ್ದು. ನನ್ನ ಏಳನೆಯದು. ಅವರ ಜೊತೆ ಹೋದ ಹಾಳೆಯಲ್ಲಿ ಇದ್ದದ್ದು ನಲವತ್ತೈದು, ಮತ್ತೊಂದು ಖಾಲಿ ಜಾಗ.

"ಕೊನೇವರ್ಗೂ ಅವ್ರಿಗೆ ಗೊತ್ತಾಗ್ಲಿಲ್ಲ, ಅಲ್ವೇನಮ್ಮ?" ಅಂದರು ಹಿಸಾನೋ.

"ಇಲ್ಲ," ಅಂದೆ. "ಗೊತ್ತಾಗ್ಲಿಲ್ಲ."

ಲಕೋಟೆಯನ್ನು ಚೀಲದೊಳಗೆ ಹಾಕಿಕೊಂಡೆ. ಅವರು ಇನ್ನಷ್ಟು ಚಹಾ ಬಗ್ಗಿಸಿದರು, ಕುಡಿದೆ.