ರದ್ದು ಮಾಡುವ ಮೊದಲು

‘ನಿಮ್ಮ ಅಪಾಯಿಂಟ್‌ಮೆಂಟ್ ರದ್ದಾಗಿದೆ’ ಎಂದು ಲ್ಯಾಪ್‌ಟಾಪಿನಲ್ಲಿ ಮೂಡಿದಾಗ, ಬರೀ ಟೆಸ್ಟಿಂಗ್ ಅಂತ ಗೊತ್ತಿದ್ದರೂ ನನಗೆ ಸಿಟ್ಟು ಬಂತು.

ಪಣಜಿಯ ನಮ್ಮ ಬಿಲ್ಡಿಂಗಿನಲ್ಲೇ ಇರುವ ಧಾರವಾಡದ ಹುಡುಗಿ ಸ್ಮಿತಾ, ಆಸ್ಪತ್ರೆಯೊಂದರ ಎಐ ಸಹಾಯಕನಿಗೆ ಬುಕ್ ಮಾಡುವ, ರದ್ದು ಮಾಡುವ ಟೂಲ್‌ಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕೆಂದು ಬರೆದುಕೊಟ್ಟು, ಪರೀಕ್ಷೆ ಮಾಡುವವಳು. ‘ಆಂಟಿ, ಇವತ್ತ ನೀವ ಪೇಷಂಟ್ ಆಗ್ರಿ’ ಎಂದು ಕೂರಿಸಿದ್ದಳು. ‘ವಾಸ್ಕೋದಿಂದ ಬಸ್ಸು ಸಿಕ್ಕಿಲ್ಲ, ಹತ್ತಕ್ಕೆ ಬರೋದು ಕಷ್ಟ’ ಎಂದು ಟೈಪ್ ಮಾಡಿದೆ, ಅಷ್ಟೇ. ಅದು ನನ್ನ ಸರದಿಯನ್ನೇ ಕಿತ್ತುಹಾಕಿತು.

‘ವಾಟ್ ಎ ರೂಡ್ ಫೆಲೋ!’ ಎಂದೆ.

‘ಅದಕ್ಕ ಬೈಬ್ಯಾಡ್ರಿ ಆಂಟಿ, ತಪ್ಪು ನಂದ. ಕ್ಯಾನ್ಸಲ್ ಟೂಲ್ ಯಾವಾಗ ಬಳಸಬಾರದು ಅಂತ ನಾ ಬರದ ಇಲ್ಲ.’

ಪೇಷಂಟ್ ತಾವಾಗಿ ಬೇಡ ಎನ್ನುವವರೆಗೆ ರದ್ದು ಮಾಡಬೇಡ, ಮೊದಲು ಕೇಳು ಎಂದು ಒಂದು ಸಾಲು ಸೇರಿಸಿದಳು. ಮತ್ತೆ ಅದನ್ನೇ ಟೈಪ್ ಮಾಡಿದೆ. ‘ಪರವಾಗಿಲ್ಲ, ಎಷ್ಟು ಹೊತ್ತಿಗೆ ಬರಬಹುದು?’ ಎಂದಿತು.

ನಾನೂ ವರ್ಷಗಟ್ಟಲೆ ಬಂದರಿನ ಬಳಿಯ ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೂತವಳು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಪಂಕ್ಚುಯಾಲಿಟಿಯ ಹೆಮ್ಮೆಯಲ್ಲಿ, ಹತ್ತು ನಿಮಿಷ ತಡವಾದ ಬಂದರಿನ ಕೂಲಿಯವರ ಹೆಸರಿಗೆ ಕೆಂಪು ಗೀಟು ಎಳೆದು ಸರದಿ ರದ್ದು ಮಾಡುತ್ತಿದ್ದೆ. ಯಾಕೆ ತಡವಾಯಿತೆಂದು ಒಬ್ಬರನ್ನೂ ಕೇಳಿದ ನೆನಪಿಲ್ಲ.