ಮೀಸಲು ಮುರಿಯದ ಮುಖವೀಣೆ

1952ರಲ್ಲಿ ನಾನು ಕೊಳ್ಳೇಗಾಲದ ಒಂದು ವಾದ್ಯದ ಅಂಗಡಿಯಲ್ಲಿ ಮಾರಾಟದ ಗುಮಾಸ್ತನಾಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಗಿರಾಕಿಗಳಿಗೆ ವಾದ್ಯ ತೋರಿಸುವುದು, ತಂತಿ ಬಿಗಿದು ಶ್ರುತಿ ಮಾಡಿಕೊಡುವುದು, ಹಾರ್ಮೋನಿಯಂ ತಿದಿ ತೂತಾದರೆ ತೇಪೆ ಹಾಕುವುದು ನನ್ನ ಕೆಲಸ. ಕೊಳ್ಳೇಗಾಲ ಆಗ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರಿನದು. ಸರ್ಕಾರಗಳು ಎರಡಾದರೂ ಜನಕ್ಕೆ ಅಂಗಡಿ ಒಂದೇ. ಭಜನೆ ಮನೆಗೆ ಹಾರ್ಮೋನಿಯಂ ಬೇಕಾಗಲಿ, ನಾಟಕದವರಿಗೆ ತಬಲ ಬೇಕಾಗಲಿ, ಎರಡೂ ಕಡೆಯವರು ನಮ್ಮ ಮೆಟ್ಟಿಲನ್ನೇ ಹತ್ತುತ್ತಿದ್ದರು.

ಅಂಗಡಿಯ ಯಜಮಾನರು ಬಸಪ್ಪನವರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಬೈಗುಳ, ಮನಸ್ಸು ಮಾತ್ರ ಬೆಣ್ಣೆ. ಮೊದಲಿನಿಂದಲೂ ಅವರ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ತಂತಿಯ ವಾದ್ಯವನ್ನು ಗಿರಾಕಿ ಮೀಟಿ ನೋಡಬಹುದು, ಚರ್ಮದ ವಾದ್ಯವನ್ನು ತಟ್ಟಿ ನೋಡಬಹುದು. ಆದರೆ ಊದುವ ವಾದ್ಯಕ್ಕೆ ಕೊಳ್ಳುವ ಮೊದಲು ಯಾರೂ ಬಾಯಿ ಹಚ್ಚಕೂಡದು. ಒಬ್ಬ ಊದಿ ಇಟ್ಟದ್ದು ಎಂಜಲು. ಅದನ್ನು ಇನ್ನೊಬ್ಬ ಮುಟ್ಟುವುದಿಲ್ಲ. ದೇವಸ್ಥಾನದವರಂತೂ ಮೀಸಲು ವಾದ್ಯವೇ ಬೇಕು ಎನ್ನುತ್ತಿದ್ದರು. ಮೀಸಲು ಎಂದರೆ ದೇವರಿಗೆಂದು ತೆಗೆದಿಟ್ಟದ್ದು. ಅದರ ಮೊದಲ ನಾದ ದೇವರ ಮುಂದೆಯೇ ಹೊರಡಬೇಕು. ಹೀಗಾಗಿ ಓಲಗದವರು ನಾಗಸ್ವರ ಕೊಳ್ಳುವುದೆಂದರೆ ಹೆಣ್ಣಿನ ಮುಖ ನೋಡದೆ ತಾಳಿ ಕಟ್ಟಿದ ಹಾಗೆ. ಮರವನ್ನು ಬೆರಳಿನಿಂದ ತಟ್ಟಿ, ತೂತುಗಳನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ ಒಯ್ಯುತ್ತಿದ್ದರು.

ನನಗೆ ಈ ಕಟ್ಟಳೆ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಮೊದಲು ಎರಡು ವರ್ಷ ನಾನು ಮೈಸೂರಿನ ಒಂದು ಅಂಗಡಿಯಲ್ಲಿ ಕೆಲಸ ಕಲಿತಿದ್ದೆ. ಅಲ್ಲಿ ಬ್ಯಾಂಡಿನವರು ಬಂದು ಕ್ಲಾರಿಯೋನೆಟ್ಟನ್ನು ಮನಸೋ ಇಚ್ಛೆ ಊದಿ, ಬೇಡವಾದರೆ ಇಟ್ಟು ಹೋಗುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಗಿರಾಕಿಗೆ ಒಳ್ಳೆಯದನ್ನು ಮಾಡುವುದು ಎಂದರೆ ಅವನಿಂದ ಊದಿಸಿಯೇ ಕೊಡುವುದು ಎಂದು ನಾನು ನಂಬಿದ್ದೆ. ಇದನ್ನು ಯಜಮಾನರಿಗೂ ಹೇಳಿ, ಎರಡು ಸಲ ಬೈಸಿಕೊಂಡು ಸುಮ್ಮನಾಗಿದ್ದೆ.

ಭತ್ತದ ನಾಟಿಯ ಕಾಲ. ಯಜಮಾನರು ಹನೂರಿನ ಭಜನೆ ಮನೆಗೆ ಹಾರ್ಮೋನಿಯಂ ತಲುಪಿಸಲು ಬೆಳಗಿನ ಬಸ್ಸಿಗೆ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಯಳಂದೂರು ಕಡೆಯಿಂದ ಇಬ್ಬರು ಹಿರಿಯರು ಬಂದರು. ಒಬ್ಬರು ಹೊನ್ನೂರಿನ ಪಟೇಲರು, ಪುಟ್ಟಮಾದಪ್ಪ. ಅವರು ಒಳಗೆ ಬಂದು ಚಾಪೆಯ ಮೇಲೆ ಕೂತರು. ಇನ್ನೊಬ್ಬರು ಅದೇ ಊರಿನ ಓಲಗದ ನಂಜಯ್ಯ. ಅವರು ಕರೆದರೂ ಒಳಗೆ ಬರದೆ ಮೆಟ್ಟಿಲ ಮೇಲೆಯೇ ನಿಂತರು. ಇಬ್ಬರಿಗೂ ಅರವತ್ತು ದಾಟಿದೆ. ನಂಜಯ್ಯನವರದು ತೆಳ್ಳನೆಯ ಮೈ. ಹೆಗಲ ಮೇಲೆ ಮಡಿಸಿದ ಚೌಕ, ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಎರಡು ಮೂರು ಪೀಪಿಗಳು. ಪೀಪಿ ಎಂದರೆ ಊದುವ ವಾದ್ಯದ ತುದಿಗೆ ಸಿಕ್ಕಿಸುವ ಜೊಂಡಿನ ತುಂಡು. ಓಲಗದವರು ತಮ್ಮ ತಮ್ಮ ಪೀಪಿಯನ್ನು ತಾವೇ ಇಟ್ಟುಕೊಂಡಿರುತ್ತಾರೆ.

“ನಮ್ಮೂರ ಈಶ್ವರನ್ ಗುಡಿ ನಾಗಸ್ವರ ಸೀಳ್ಬುಡ್ತು. ನಂಜಯ್ಯಂಗೆ ಒಗ್ಗೋ ಅಂಥದ್ದು ಯಾವ್ದಾದ್ರೂ ತೋರ್ಸಪ್ಪ,” ಎಂದರು ಪಟೇಲರು.

ನಾನು ಅಟ್ಟದ ಮೇಲಿದ್ದ ಅತಿ ಉದ್ದದ ನಾಗಸ್ವರವನ್ನೇ ಇಳಿಸಿದೆ. ತಂಜಾವೂರು ಕಡೆಯಿಂದ ಬಂದದ್ದು, ಕಪ್ಪನೆಯ ಮರ, ಊದಿದರೆ ಮೂರು ಬೀದಿಗೆ ಕೇಳಬೇಕು. ನಂಜಯ್ಯ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆದರೆ ಅವರ ಕಣ್ಣು ಮತ್ತೆ ಮತ್ತೆ ಗಾಜಿನ ಬೀರುವಿನತ್ತ ಹೋಗುತ್ತಿತ್ತು. ಅಲ್ಲಿ ಒಂದು ಮುಖವೀಣೆ ಇತ್ತು. ಮುಖವೀಣೆ ನಾಗಸ್ವರದ ಜಾತಿಯದೇ, ಗಾತ್ರದಲ್ಲಿ ಕೂಸು. ಗರ್ಭಗುಡಿಯ ಮುಂದೆ ಮೆಲ್ಲಗೆ ನುಡಿಸುವುದು. ಅದನ್ನು ನಾನು ಕಂಡೂ ಕಾಣದವನಂತೆ ಇದ್ದೆ. ದೊಡ್ಡದನ್ನು ಮಾರುವ ಹುಮ್ಮಸ್ಸು ಬಂದಾಗ ಸಣ್ಣದು ಯಾರಿಗೆ ಬೇಕು?

“ಊದಿ ನೋಡಿ,” ಎಂದೆ.

ನಂಜಯ್ಯ ಬೆಚ್ಚಿದರು. “ದೇವ್ರ ವಸ್ತು ಸಾ. ಮೀಸ್ಲು ಮುರೀಬಾರ್ದು.”

“ಬ್ಯಾಡ ಬುಡಪ್ಪ. ಅದ್ರ ಕೈಲಿ ಮಾತಾಡ್ಸೋಕೆ ಗುಡಿ ಐತೆ,” ಎಂದು ಪಟೇಲರೂ ನಕ್ಕು ಹೇಳಿದರು.

ಇಬ್ಬರೂ ಬೇಡವೆಂದ ಮೇಲೆ ನಾನು ಬಾಯಿ ಮುಚ್ಚಬೇಕಿತ್ತು. ಯಜಮಾನರಿಲ್ಲದ ದಿನ, ನನ್ನ ಬುದ್ಧಿವಂತಿಕೆಗೆ ಲಗಾಮಿರಲಿಲ್ಲ. “ನಿಮ್ಮ ತುಟಿ ತಾಗುವುದು ನಿಮ್ಮ ಪೀಪಿಗೆ, ವಾದ್ಯಕ್ಕಲ್ಲ. ಇದರಲ್ಲಿ ಎಂಜಲೆಲ್ಲಿ ಬಂತು? ನಾಳೆ ದೇವರ ಮುಂದೆ ಅಪಸ್ವರ ಬಂದರೆ ಅದಕ್ಕಿಂತ ಅಪಶಕುನ ಉಂಟೇ?” ಎಂದು ವಕೀಲನ ಹಾಗೆ ವಾದಿಸಿದೆ. ಪಕ್ಕದ ಮನೆಗಳಲ್ಲಿ ಮಗ್ಗದಲ್ಲಿ ರೇಷ್ಮೆ ನೇಯುತ್ತಿದ್ದವರು ನನ್ನ ದನಿಗೆ ಎದ್ದು ಬಂದು ನಿಂತರು. ದಾರಿಹೋಕರೂ ಸೇರಿದರು. “ಊದಿ ಅಜ್ಜ, ಒಂದ್ಸಲ ಊದಿ,” ಎಂದು ಹತ್ತು ಬಾಯಿ ಕೂಗಿದವು. ನಂಜಯ್ಯ ಪಟೇಲರ ಮುಖ ನೋಡಿದರು. ಪಟೇಲರು ನೆಲ ನೋಡಿದರು.

ನಂಜಯ್ಯ ಕೊರಳಿನ ಪೀಪಿಯೊಂದನ್ನು ಬಿಚ್ಚಿ, ನಾಲಿಗೆಯಿಂದ ಹಸಿ ಮಾಡಿ, ನಾಗಸ್ವರಕ್ಕೆ ಸಿಕ್ಕಿಸಿ ಊದಿದರು. ಮೊದಲ ಸ್ವರ ಚೆನ್ನಾಗಿಯೇ ಎದ್ದಿತು. ಅದನ್ನು ಮೇಲಕ್ಕೆ ಒಯ್ಯಲು ಹೋದಾಗ ನಡುವೆ ಮುರಿಯಿತು. ಮತ್ತೆ ಊದಿದರು, ಬರೀ ಗಾಳಿ ಹೋಯಿತು. ಆಮೇಲೆ ಕೆಮ್ಮು. ಕಂಬ ಹಿಡಿದು ಬಾಗಿ, ಮುಖ ಕೆಂಪಗಾಗುವವರೆಗೆ ಕೆಮ್ಮಿದರು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉಸಿರು ಮರಳಿದ ಮೇಲೆ ನಂಜಯ್ಯ ವಾದ್ಯವನ್ನು ತಮ್ಮ ಚೌಕದಿಂದ ಒರೆಸಿ ಮೆಟ್ಟಿಲ ಮೇಲೆ ಮಲಗಿಸಿದರು.

“ಗುಡಿಗೆ ಬ್ಯಾರೆಯೋರ್ನ ನೋಡ್ಕಳಿ ಬುದ್ಧಿ. ನನ್ ಕಾಲ ಮುಗೀತು,” ಎಂದು ಪಟೇಲರಿಗೆ ಕೈ ಮುಗಿದು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು. ಪಟೇಲರೂ ಹಿಂದೆಯೇ ಹೋದರು.

ಸಂಜೆ ಯಜಮಾನರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಂಜಲಾದ ನಾಗಸ್ವರಕ್ಕಾಗಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅದರ ಮಾತೇ ಎತ್ತಲಿಲ್ಲ.

“ಒಂದ್ಸಲ ಬೇಡ ಅಂದ ತಾನೆ? ಗಿರಾಕಿ ಬೇಡ ಅಂದ್ಮೇಲೆ ಎರಡನೇ ಸಲ ಯಾಕೋ ಕೇಳ್ದೆ?” ಎಂದರು.

ಆ ರಾತ್ರಿ ಊಟ ಸೇರಲಿಲ್ಲ. ಒಬ್ಬ ಮನುಷ್ಯ ನಲವತ್ತು ವರ್ಷ ದೇವರ ಮುಂದೆ ಮಾಡಿದ ಸೇವೆಯನ್ನು ನಾನು ಒಂದು ಗಳಿಗೆಯಲ್ಲಿ ಬೀದಿಯಲ್ಲಿ ನಿಲ್ಲಿಸಿ ಬಿಡಿಸಿಬಿಟ್ಟಿದ್ದೆ. ಮೂರನೆಯ ದಿನ ಅಂಗಡಿಗೆ ರಜ. ಹೊನ್ನೂರಿಗೆ ಹೋಗಿ ಬರುತ್ತೇನೆ, ಮುಖವೀಣೆ ಒಯ್ಯಲು ಅಪ್ಪಣೆ ಬೇಕು ಎಂದು ಯಜಮಾನರನ್ನು ಕೇಳಿದೆ. ಅವರು ಬೀರುವಿನ ಕೀಲಿ ಎಸೆದು, “ಊದಿದ್ರೆ ಅಲ್ಲೇ ಇರ್ಲಿ, ಊದದಿದ್ರೆ ತಗೊಂಡ್ ಬಾ. ಬಾಯಿ ಮಾತ್ರ ಇಲ್ಲೇ ಬಿಟ್ಟು ಹೋಗು,” ಎಂದರು.

ಹೊನ್ನೂರಿನಲ್ಲಿ ಮೊದಲು ಪಟೇಲರ ಮನೆಗೇ ಹೋದೆ. ಜಗಲಿಯ ಮೇಲೆ ಕೂತಿದ್ದರು. ತಪ್ಪಾಯಿತು, ನಂಜಯ್ಯನವರ ಉಸಿರಿನ ವಿಷಯ ನಿಮಗೂ ಗೊತ್ತಿರಲಿಲ್ಲ, ನನ್ನಿಂದ ಬಯಲಾಯಿತು ಎಂದೆ.

“ಗೊತ್ತಿರ್ಲಿಲ್ಲ ಅಂತ ಯಾರಂದೋರು?” ಎಂದರು ಪಟೇಲರು. “ಎಲ್ಡು ವರ್ಸದಿಂದ ಗುಡೀಲಿ ಡೋಲು ಜೋರಾಗೈತೆ. ಡೋಲು ಬಾರ್ಸೋನು ಅವನ್ ತಮ್ಮ. ಅಣ್ಣನ್ ಉಸ್ರು ಸೋತ ಕಡೆಯೆಲ್ಲ ಅವ್ನು ಬಾರ್ಸಿ ಮುಚ್ತನೆ. ನಂಗೇನ್ ಕಿವಿ ಇಲ್ವಾ? ನಂಗೊತ್ತು ಅನ್ನದು ನಂಜಯ್ಯಂಗೆ ಗೊತ್ತಾಗ್ಬಾರ್ದು ಅಷ್ಟೆಯಾ. ಅಂಗಡೀಲಿ ಅವ್ನೇ ಸಣ್ಣದ್ನ ಎತ್ಕಂಡ್ರೆ ‘ಆಯ್ತು ಕಣಪ್ಪ’ ಅಂತಿದ್ದೆ. ಅದ್ಕೇ ಅವಂಗೆ ಒಗ್ಗೋದು ಅಂದೆ. ನೀನು ನೋಡುದ್ರೆ ದೊಡ್ಡದ್ನೇ ಕೊಟ್ಟು ಬೀದೀಲಿ ಊದುಸ್ದೆ.”

ನನಗೆ ನೆಲದೊಳಗೆ ಇಳಿದು ಹೋಗೋಣ ಅನ್ನಿಸಿತು. ತಮ್ಮನು ಡೋಲಿನಿಂದ ಮುಚ್ಚಿದ್ದ, ಪಟೇಲರು ಮೌನದಿಂದ ಮುಚ್ಚಿದ್ದರು, ನಂಜಯ್ಯ ಮೀಸಲಿನ ಮಾತಿನಿಂದ ಮುಚ್ಚಿಕೊಂಡಿದ್ದರು. ಮೂವರು ಸೇರಿ ಹೊದಿಸಿದ್ದ ಹೊದಿಕೆಯನ್ನು ಎಳೆದವನು ನಾನು. ನೀವೂ ಬನ್ನಿ ಎಂದು ಪಟೇಲರನ್ನು ಕರೆದೆ. “ನಾನ್ ಬಂದ್ರೆ ಅಪ್ಪಣೆ ಆಯ್ತದೆ. ನೀನೇ ಓಗು,” ಎಂದರು.

ನಂಜಯ್ಯನವರ ಮನೆ ಗುಡಿಯ ಎದುರಿನ ಓಣಿಯ ಕೊನೆಯಲ್ಲಿತ್ತು. ಓಣಿಯವರೆಲ್ಲ ನಾಟಿಗೆ ಗದ್ದೆಗೆ ಹೋಗಿದ್ದರು. ನಂಜಯ್ಯ ಗೋಡೆಗೆ ಒರಗಿ ಕೂತಿದ್ದರು. ಕೊರಳಿನಲ್ಲಿ ಪೀಪಿಗಳಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತರು. ಬೈದಿದ್ದರೆ ಚೆನ್ನಾಗಿತ್ತು. “ಅಷ್ಟು ದೂರದಿಂದ ಬಿಸ್ಲಲ್ಲಿ ಬಂದ್ರಾ ಸಾ?” ಎಂದು ಕೇಳಿದರು. ಅವರ ಹೆಂಡತಿ ಕೆಂಪಮ್ಮ ಬಾಗಿಲಲ್ಲಿ ನಿಂತು, “ಆವತ್ತಿಂದ ಪೀಪಿ ಸರ ತೆಗ್ದು ಗೂಡಲ್ಲಿ ಇಟ್ಬುಟ್ಟವ್ರೆ ಕಣಪ್ಪ. ಗುಡಿ ಕಡೆ ಮಕನೂ ಹಾಕಿಲ್ಲ,” ಎಂದರು.

ನಾನು ಬಟ್ಟೆ ಬಿಚ್ಚಿ ಮುಖವೀಣೆಯನ್ನು ಜಗಲಿಯ ಮೇಲಿಟ್ಟೆ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಬಾಯಿಯವರೆಗೆ ಬಂದವು. ನುಂಗಿಕೊಂಡೆ. “ಇದು ಇಲ್ಲಿರಲಿ. ನನಗೆ ಬಾಯಾರಿಕೆ. ಹಿತ್ತಲಲ್ಲಿ ಸ್ವಲ್ಪ ಕೂತಿರುತ್ತೇನೆ,” ಎಂದಷ್ಟೇ ಹೇಳಿ ಕೆಂಪಮ್ಮನ ಹಿಂದೆ ನಡೆದೆ.

ಹಿತ್ತಲಿನಲ್ಲಿ ಎರಡು ತೆಂಗಿನ ಮರ. “ಎಳ್ನೀರಿಗೆ ಮೈಲಿಗೆ ಇಲ್ಲ, ಕುಡಿ ಮಗ,” ಎಂದು ಕೆಂಪಮ್ಮ ಒಂದನ್ನು ಕೆತ್ತಿ ಕೊಟ್ಟರು. ಕುಡಿಯುತ್ತಿದ್ದಂತೆ ಎದ್ದು, ಒರಳಿಗೆ ಭತ್ತ ಸುರಿದು, ಒನಕೆ ತೆಗೆದುಕೊಂಡು ಕುಟ್ಟತೊಡಗಿದರು. ಅಂಥ ಉರಿ ಬಿಸಿಲಿನಲ್ಲಿ ಯಾರೂ ಭತ್ತ ಕುಟ್ಟುವುದಿಲ್ಲ. ಕುಟ್ಟುತ್ತಲೇ ತಮ್ಮ ತವರು, ತಮ್ಮ ಮದುವೆ, ಸತ್ತುಹೋದ ಹಸು, ಎಲ್ಲವನ್ನೂ ಗಟ್ಟಿ ದನಿಯಲ್ಲಿ ಹೇಳಿದರು. ನನಗೆ ಒಂದೂ ಕಿವಿಗೆ ಹತ್ತಲಿಲ್ಲ. ಆಕೆ ಏನು ಮಾಡುತ್ತಿದ್ದಾರೆ ಎಂದು ತಿಳಿದಾಗ ಕಣ್ಣು ತುಂಬಿ ಬಂತು. ಮುಂದಿನ ಜಗಲಿಯಲ್ಲಿ ಏನು ನಡೆಯಿತೋ, ನಡೆಯಲಿಲ್ಲವೋ, ನನಗೆ ಕೇಳಿಸಲಿಲ್ಲ. ಬೆವರು ಸುರಿಸುತ್ತಿದ್ದ ಆಕೆಗೂ ಕೇಳಿಸಿರಲಾರದು.

ತುಂಬ ಹೊತ್ತಿನ ಮೇಲೆ ನಂಜಯ್ಯನವರೇ ಹಿತ್ತಲಿಗೆ ಬಂದರು. ಕೊರಳಿನಲ್ಲಿ ಪೀಪಿ ಸರ ಇತ್ತು. ಕೈಯಲ್ಲಿ ಚೌಕದಲ್ಲಿ ಸುತ್ತಿದ ಮುಖವೀಣೆ. “ಪಟೇಲ್ರ ತಾವ ಓಗ್ಬುಟ್ಟು ಬರಣ ಬನ್ನಿ ಸಾ,” ಎಂದರು. ಊದಿದಿರಾ ಎಂದು ಕೇಳಲು ನಾಲಿಗೆ ತುರಿಸಿತು. ಕೇಳಲಿಲ್ಲ. ಹಾಗೆ ಸುಮ್ಮನಿದ್ದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಪಟೇಲರು ಜಗಲಿಯಲ್ಲೇ ಕಾದಿದ್ದರು. ನಂಜಯ್ಯ ಮುಖವೀಣೆಯನ್ನು ಅವರ ಮುಂದಿಟ್ಟು ನಿಂತರು.

“ಬುದ್ಧಿ, ಬೆಳಿಗ್ಗೆ ಪೂಜೆಗೆ ಇದ್ನ ನುಡುಸ್ತೀನಿ. ಉತ್ಸವಕ್ಕೆ ಒಸ ನಾಗಸ್ವರ ತಂದು ತಮ್ಮನ್ ಮಗ ಊದ್ಲಿ. ನೀವು ಊ ಅಂದ್ರೆ.”

ಪಟೇಲರು ಮುಂದಕ್ಕೆ ಬಾಗಿ ಆ ಸಣ್ಣ ವಾದ್ಯವನ್ನು ನೋಡಿದರು. ಅವರು ನಂಜಯ್ಯನವರ ಗೆಳೆಯರಷ್ಟೇ ಅಲ್ಲ, ಗುಡಿಯ ಯಜಮಾನಿಕೆಯೂ ಅವರದೇ. ಕೇಳಲೇಬೇಕಾದದ್ದನ್ನು ಕೇಳಿದರು. “ಮೀಸ್ಲು?”

ಕೊರಳಿಗೆ ಪೀಪಿ ಸರ ಮರಳಿದ್ದನ್ನು ಕಂಡೇ ಊದಿದ್ದಾರೆಂದು ನಾನು ಊಹಿಸಿದ್ದೆ. ಊದಿದ್ದೇನೆ ಎಂದರೆ ಮೀಸಲು ಮುರಿದಂತೆ. ಊದಿಲ್ಲ ಎಂದರೆ ಸುಳ್ಳು. ದೇವರ ವಿಷಯದಲ್ಲಿ ನಂಜಯ್ಯ ಸುಳ್ಳು ಹೇಳುವವರಲ್ಲ.

“ಊದ್ದೆ ಬುದ್ಧಿ. ಗುಡಿ ಕಡೆ ತಿರಿಕ್ಕಂಡು ಊದ್ದೆ. ಓಣೀಲಿ ನರಪಿಳ್ಳೆ ಇರ್ಲಿಲ್ಲ. ಈ ಅಪ್ಪ ಇತ್ಲಿಗೆ ಎದ್ದೋದ್ರು, ಅವ್ಳು ಬತ್ತ ಕುಟ್ತಿದ್ಳು. ಮೊದ್ಲು ಕೇಳ್ದೋನು ಈಶ್ವರ್ನೇ. ಮೀಸ್ಲು ಎಲ್ಲಿ ಮುರೀತು?”

ಪಟೇಲರು ಮುಖವೀಣೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ತಿರುಗಿ ನಂಜಯ್ಯನವರ ಕೈಗೇ ಕೊಟ್ಟರು. “ನಾಳೀಕೆ ಸೋಮಾರ. ಒತ್ತುಟ್ಟೋ ಒತ್ಗೆ ಪೂಜೆಗೆ ಬಾ,” ಎಂದರು. ಮೂವರಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ನಾನು ಮೂವತ್ತು ವರ್ಷಕ್ಕೂ ಮೇಲೆ ವಾದ್ಯ ಮಾರಿದೆ. ಬಸಪ್ಪನವರ ಕಟ್ಟಳೆ ಕಾಲಕ್ರಮದಲ್ಲಿ ತಾನೇ ಹೋಯಿತು. ಈಗ ಯಾರು ಬೇಕಾದರೂ ಊದಿ ನೋಡಿಯೇ ಕೊಳ್ಳುತ್ತಾರೆ, ಅದು ಒಳ್ಳೆಯದೇ. ಆದರೆ ವಾದ್ಯವನ್ನು ಗಿರಾಕಿಯ ಕೈಗೆ ಕೊಟ್ಟ ತಕ್ಷಣ ನಾನು ಎದ್ದು ಒಳಕೋಣೆಗೆ ಹೋಗಿ ಏನಾದರೂ ಸದ್ದು ಮಾಡುತ್ತಿದ್ದೆ. ಇವನೇನು, ಗಿರಾಕಿಯನ್ನು ಬಿಟ್ಟು ಡಬ್ಬ ಬಡಿಯುತ್ತಾನೆ ಎಂದು ಕೆಲವರು ಬೇಜಾರು ಮಾಡಿಕೊಂಡದ್ದೂ ಉಂಟು. ಅಂಗಡಿಯಲ್ಲಿ ವಾದ್ಯವನ್ನು ಕೈಗೆತ್ತಿಕೊಂಡವನು ವಾದ್ಯವನ್ನಷ್ಟೇ ನೋಡುವುದಿಲ್ಲ, ತನ್ನನ್ನೂ ನೋಡಿಕೊಳ್ಳುತ್ತಾನೆ. ಆಗ ನಾವು ಅಲ್ಲಿರಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇದು.

ನಂಜಯ್ಯ ಇನ್ನೂ ನಾಲ್ಕು ವರ್ಷ ಆ ಗುಡಿಯಲ್ಲಿ ಮುಖವೀಣೆ ನುಡಿಸಿದರಂತೆ. ಬೆಳಗಿನ ಪೂಜೆಯಲ್ಲಿ ಡೋಲು ಮೆಲ್ಲಗಾಯಿತು ಎಂದು ಪಟೇಲರು ಒಮ್ಮೆ ಅಂಗಡಿಗೆ ಬಂದಾಗ ಹೇಳಿದರು. ನನ್ನನ್ನೂ ಕರೆದರು, ಒಂದು ಸೋಮವಾರ ಬಂದು ಕೇಳು ಎಂದು. ಬರುತ್ತೇನೆ ಎಂದೆ, ಹೋಗಲಿಲ್ಲ. ನನ್ನನ್ನು ಕಂಡರೆ ಅವರಿಗೆ ಆ ಬೀದಿ ನೆನಪಾಗುತ್ತದೆ ಎಂಬ ಅಳುಕು. ಹಾಗಾಗಿ ನಂಜಯ್ಯನವರ ವಾದನದಲ್ಲಿ ನಾನು ಈ ಕಿವಿಯಿಂದ ಕೇಳಿದ್ದು ನಡುವೆ ಮುರಿದ ಆ ಒಂದು ಸ್ವರ ಮಾತ್ರ. ಚೆನ್ನಾಗಿ ನುಡಿಸಿದ್ದನ್ನೆಲ್ಲ ಈಶ್ವರನೇ ಕೇಳಿಕೊಂಡ.